ಹದಿನಾಲ್ಕನೇ ಓವರಿನ ಏಳನೇ ಬಾಲ್

ಆ ಶುಕ್ರವಾರ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ತೌಸೀಫ್ ಪಿಕಪ್ಪಿನ ಮುಂದಿನ ಗಾಜನ್ನು ಒರೆಸಿದರು. ಧೂಳು ಹೋಗಿತ್ತು. ಮತ್ತೊಮ್ಮೆ ಒರೆಸಿದರು.

“ಒಳಗಿಂದ ಸರಿ ಕಾಣ್ತದಾ?”

“ಕಾಣ್ತದೆ.”

“ಇವತ್ತು ಒಂದು ರನ್ ಆಚೆ ಈಚೆ ಆಗ್ಬಾರ್ದು, ಜಸೀಲಾ.”

ನಾಲ್ಕು ವರ್ಷದಿಂದ ಬಾತಿನಾ ಬ್ರದರ್ಸ್ ತಂಡದ ಸ್ಕೋರ್ ಬರೆಯುವುದು ನಾನೇ. ನನ್ನ ಗಂಡ ಆ ತಂಡದ ಕ್ಯಾಪ್ಟನ್. ಆದರೂ ಅವರು ಹೀಗೆ ಎಚ್ಚರಿಸಿದ್ದು ಅದೇ ಮೊದಲು. ನಾನು ತಲೆಯಾಡಿಸಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡೆ.

ಒಮಾನಿನ ಬಾತಿನಾ ಕರಾವಳಿಯ ಸುವೈಕ್‌ನಲ್ಲಿರುವ ನಮ್ಮ ಗ್ರೌಂಡ್ ನಮ್ಮದಲ್ಲ, ಹಮೂದ್ ಎಂಬ ಒಮಾನಿ ಹಿರಿಯರದು. ಒಂದು ಕಾಲದಲ್ಲಿ ಅಲ್ಲಿ ಖರ್ಜೂರದ ತೋಟ ಇತ್ತಂತೆ. ಸಮುದ್ರದ ಉಪ್ಪು ಬಾವಿಗೆ ಇಳಿದು ಮರಗಳೆಲ್ಲ ಒಣಗಿದವು. ಬಾದುಶಾ ಮಾಮ, ಎಂದರೆ ತೌಸೀಫರ ತಾಯಿಯ ಅಣ್ಣ, ಉಪ್ಪಿನಂಗಡಿಯಿಂದ ಬಂದು ಇಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಹೊಸತು ಅದು. ಶುಕ್ರವಾರ ವಾದಿಯ, ಎಂದರೆ ಒಣಗಿದ ಹೊಳೆಯ, ಕಲ್ಲುಗಳ ನಡುವೆ ಚೆಂಡು ಹೊಡೆಯುತ್ತಿದ್ದ ಏಳೆಂಟು ಮಂದಿಯನ್ನು ಕಟ್ಟಿಕೊಂಡು ಅವರು ಹಮೂದರ ಮಜ್ಲಿಸ್‌ಗೆ, ಬಂದವರನ್ನು ಕೂರಿಸುವ ಅವರ ಚಾವಡಿಗೆ, ಹೋಗಿ ಕೇಳಿದರು. ಏನೂ ಬೆಳೆಯದ ನೆಲ, ಆಡಿಕೊಳ್ಳಿ ಎಂದರು ಹಮೂದ್. ಒಣಮರಗಳ ಬುಡ ಕಿತ್ತು ಮುಗಿಸಲು ಒಂದು ಚಳಿಗಾಲ ಹಿಡಿಯಿತು. ಬುಡ ಇದ್ದ ಜಾಗಗಳಲ್ಲಿ ಈಗಲೂ ನೆಲ ಸ್ವಲ್ಪ ಕುಸಿದಿದೆ. ಫೀಲ್ಡ್ ಮಾಡುವವರಿಗೆ ಅವುಗಳ ಜಾಗ ಬಾಯಿಪಾಠ.

ಇದನ್ನೆಲ್ಲ ನಾನು ಕಂಡವಳಲ್ಲ. ನಾನು ಮದುವೆಯಾಗಿ ಇಲ್ಲಿಗೆ ಬಂದ ವರ್ಷವೇ ಶಾಹೀನ್ ಚಂಡಮಾರುತ ಬಂತು. ಗ್ರೌಂಡಿನ ಮೇಲೆ ಮೊಣಕಾಲುದ್ದ ಕೆಸರು, ಅದರಲ್ಲಿ ಯಾರದೋ ಫ್ರಿಜ್ಜು, ಸತ್ತ ಆಡುಗಳು. ನಾನು ಆ ಗ್ರೌಂಡನ್ನು ಮೊದಲು ನೋಡಿದ್ದು ಹಾಗೆ. ಅಂಗಡಿಯ ಹಿಂದಿನ ಕೋಣೆಗೂ ನೀರು ನುಗ್ಗಿ, ಮಾಮ ಕಟ್ಟಿಟ್ಟಿದ್ದ ಸ್ಕೋರ್ ಪುಸ್ತಕಗಳೆಲ್ಲ ನೆನೆದುಹೋಗಿದ್ದವು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಆ ಪುಸ್ತಕಗಳ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ಹಗ್ಗಕ್ಕೆ ಸಿಕ್ಕಿಸಿದೆ. ಶಾಯಿ ಕದಡಿದ್ದನ್ನು ಹೊಸ ಪುಸ್ತಕಕ್ಕೆ ಇಳಿಸಿದೆ. ಚುಕ್ಕೆ ಯಾವುದು, ಗೆರೆ ಯಾವುದು ಎಂದು ಕೇಳುತ್ತಾ ಕೇಳುತ್ತಾ ಇಪ್ಪತ್ತು ವರ್ಷದ ಆಟ ನನ್ನ ಕೈಯಿಂದಲೇ ಹಾದುಹೋಯಿತು. ಯಾವ ವರ್ಷ ಸಿಮೆಂಟಿನ ಪಿಚ್ ಹಾಕಿದರು, ಗೋನು ಚಂಡಮಾರುತ ಬಂದಾಗ ಪಿಚ್ಚಿನ ಮೇಲೆ ಹಾಸುವ ಮ್ಯಾಟ್ ಎಲ್ಲಿಗೆ ತೇಲಿಹೋಗಿತ್ತು, ಯಾವ ವರ್ಷ ಸೋಹಾರ್‌ನಲ್ಲಿ ಕಪ್ ಗೆದ್ದರು, ಎಲ್ಲವನ್ನೂ ಪುಟದ ಅಂಚಿನಲ್ಲಿ ಮಾಮ ಬರೆದಿದ್ದರು.

ತಂಡ ಒಡೆದದ್ದೂ ಅಂಚಿನಲ್ಲಿತ್ತು. ಎರಡೇ ಶಬ್ದ: “ಎಲಿಯಾಸ್ ಹೋದ.”

ಎಲಿಯಾಸ್ ಬಜ್ಪೆಯವರು, ಇಲ್ಲಿ ಗ್ಯಾರೇಜಿನ ಸೂಪರ್‌ವೈಸರ್. ಹದಿನೈದು ವರ್ಷ ಮಾಮನ ಜೊತೆ ಓಪನಿಂಗ್ ಆಡಿದವರು. ಒಂದು ಫೈನಲ್‌ನಲ್ಲಿ, ಆಗ ಕ್ಯಾಪ್ಟನ್ ಆಗಿದ್ದ ಮಾಮ ಅವರಿಗೆ ಕೊನೆಯ ಓವರ್ ಹಾಕಲು ಕೊಡಲಿಲ್ಲ. ಮರುವಾರ ಅವರು ಆರು ಮಂದಿಯನ್ನು ಕರೆದುಕೊಂಡು ಹೋಗಿ ನ್ಯೂ ಬಾತಿನಾ ಬ್ರದರ್ಸ್ ಮಾಡಿದರು. ಹೊಸ ತಂಡ, ಆದರೆ ಗ್ರೌಂಡ್ ಹಳೆಯದೇ. ಅಂದಿನಿಂದ ಮ್ಯಾಟ್ ಯಾರದು, ಬೆಳಗ್ಗಿನ ಹೊತ್ತು ಯಾರದು ಎಂದು ಪ್ರತಿ ಶುಕ್ರವಾರ ಜಗಳ. ಜಗಳ ಹೆಚ್ಚಾದಾಗಲೆಲ್ಲ ಇಬ್ಬರೂ ಹಮೂದರ ಹತ್ತಿರ ಹೋಗುವುದು.

ಕಳೆದ ತಿಂಗಳು ಹಮೂದರಿಗೆ ಸಾಕಾಯಿತು. ಆ ಜಾಗದಲ್ಲಿ ಆಡಲು ಇನ್ನು ಮುಂದೆ ಒಪ್ಪಿಗೆಯ ಕಾಗದ ಬೇಕಾಗಿತ್ತು, ಕಾಗದದಲ್ಲಿ ಒಬ್ಬ ಜವಾಬ್ದಾರನ ಹೆಸರು. “ಏಕ್ ನಾಮ್, ಏಕ್ ಟೀಮ್. ದೂಸ್ರಾ ಖಲಾಸ್,” ಎಂದರಂತೆ. ಈ ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಮಜ್ಲಿಸ್‌ಗೆ ಬಂದು ಹೆಸರು ಹೇಳಬೇಕು. ಹೇಗೆ ತೀರ್ಮಾನಿಸುತ್ತೀರೋ ನಿಮಗೆ ಬಿಟ್ಟದ್ದು. ಸೋತವರು ಮತ್ತೆ ತನ್ನ ಬಾಗಿಲಿಗೆ ಬರಕೂಡದು.

ಆಡಿಯೇ ತೀರ್ಮಾನಿಸೋಣ ಎಂದವರು ಮಾಮ. ಎಲಿಯಾಸ್ ಒಪ್ಪಿದರು.

ಮಾಮನಿಗೆ ಅರವತ್ತೊಂದು. ಮೊಣಕಾಲು ಹೋಗಿದೆ, ಸಕ್ಕರೆ ಕಾಯಿಲೆ ಇದೆ. ಅಂಗಡಿಯನ್ನು ತೌಸೀಫ್ ನೋಡಿಕೊಳ್ಳುತ್ತಾರೆ. ಊರಲ್ಲಿ ಅವರ ಹೆಂಡತಿ ಬೀಫಾತುಮ್ಮ ಮಾಮಿ ಎರಡು ವರ್ಷದಿಂದ ಬನ್ನಿ ಬನ್ನಿ ಎನ್ನುತ್ತಿದ್ದಾರೆ. ಗ್ರೌಂಡ್ ಇರುವವರೆಗೆ ಇರುತ್ತೇನೆ ಎನ್ನುವುದು ಮಾಮನ ಒಂದೇ ಉತ್ತರ. ಗ್ರೌಂಡ್ ಹೋದರೆ ಅವರು ಸುವೈಕ್‌ನಲ್ಲಿ ಒಂದು ವಾರವೂ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

* * *

ಎಂಟಕ್ಕೆ ಶುರುವಾಗಬೇಕಿದ್ದ ಆಟ ಒಂಬತ್ತೂವರೆಗೆ ಶುರುವಾಯಿತು. ಮ್ಯಾಟ್ ಹಾಸಿ ಅಂಚಿನ ಮಣ್ಣಿಗೆ ಮೊಳೆ ಹೊಡೆಯುವುದು ಯಾರು ಎಂದು ಮುಕ್ಕಾಲು ಗಂಟೆ, ಯಾರ ನಾಣ್ಯದಲ್ಲಿ ಟಾಸ್ ಎಂದು ಮತ್ತಷ್ಟು.

“ನಿಮ್ಮ ಪೈಸೆಗೆ ಎರಡೂ ಬದಿ ತಲೆಯೇ ಇರ್ಬಹುದು ಮಾರಾಯ,” ಎಂದ ನಂದನ್. ಆತ ಎಲಿಯಾಸರ ತಂಡದ ವಿಕೆಟ್ ಕೀಪರ್, ಬಾಯಿ ಜೋರು.

“ಎರಡೂ ಬದಿ ತಲೆ ಇದ್ರೆ ಒಂದನ್ನ ನಿನಗೆ ಕೊಡ್ತೇನೆ, ನಿನಗೆ ಬೇಕಾಗ್ತದೆ,” ಎಂದರು ತೌಸೀಫ್. ಎರಡೂ ಕಡೆಯವರು ನಕ್ಕರು. ಎಲಿಯಾಸ್ ನಗಲಿಲ್ಲ. ಅವರು ಪಿಚ್ಚಿನ ತುದಿಯಲ್ಲಿ ಕೂತು ಮೊಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ನಾನು ಗಾಡಿಯಿಂದ ಇಳಿಯುವುದಿಲ್ಲ. ಸುಣ್ಣ ಹಚ್ಚಿದ ಬೌಂಡರಿ ಕಲ್ಲುಗಳ ಈಚೆಗೆ ಪಿಕಪ್ ನಿಲ್ಲಿಸಿ ತೌಸೀಫ್ ಕೀಲಿಕೈ ನನ್ನ ಬಳಿ ಬಿಟ್ಟು ಹೋಗುತ್ತಾರೆ. ಮುಂದಿನ ಚಕ್ರದ ಪಕ್ಕ ಮಾಮನ ಪ್ಲಾಸ್ಟಿಕ್ ಕುರ್ಚಿ. ಓವರ್ ಮುಗಿದಾಗ ಅಂಪೈರ್ ನನ್ನ ಕಡೆಗೆ ಕೈ ಎತ್ತುತ್ತಾರೆ. ಬರೆದಾಯಿತು ಎನ್ನಲು ನಾನು ಗಾಡಿಯ ಹೆಡ್‌ಲೈಟ್ ಒಂದು ಸಲ ಹೊತ್ತಿಸಿ ಆರಿಸುತ್ತೇನೆ. ಏನಾದರೂ ಕೇಳಲಿಕ್ಕಿದ್ದರೆ ಎರಡು ಸಲ. ಮೂವತ್ತು ಗಂಡಸರ ಎದುರು ಕೂಗಿ ಮಾತಾಡುವ ಕಷ್ಟ ಇದರಿಂದ ತಪ್ಪಿತು. ಎಲಿಯಾಸರ ತಂಡಕ್ಕೆ ಬೇರೆ ಸ್ಕೋರರ್ ಇಲ್ಲ. ಇನ್ನಿಂಗ್ಸ್ ಮುಗಿದ ಮೇಲೆ ನಂದನ್ ಬಂದು ನನ್ನ ಪುಸ್ತಕದಿಂದ ನಕಲು ಮಾಡಿಕೊಳ್ಳುತ್ತಾನೆ. ಎಲ್ಲದಕ್ಕೂ ಜಗಳವಾಡಿದ ಈ ಎರಡು ತಂಡಗಳು ನನ್ನ ಪುಸ್ತಕದ ಬಗ್ಗೆ ಮಾತ್ರ ಒಂದು ದಿನವೂ ಜಗಳವಾಡಿರಲಿಲ್ಲ.

ಮೊದಲು ನಮ್ಮ ಬ್ಯಾಟಿಂಗ್. ಬ್ಯಾಟ್ ಮಾಡುವ ತಂಡದವರೇ ಅಂಪೈರ್ ನಿಲ್ಲುವುದು ಇಲ್ಲಿಯ ಪದ್ಧತಿ. ಹಾಗಾಗಿ ಬಸಯ್ಯ ನಿಂತರು. ಬಸಯ್ಯ ಗದಗಿನ ಕಡೆಯವರು, ಸರ್ವೇಯರ್. ಆ ಸಿಮೆಂಟ್ ಪಿಚ್ಚಿನ ಮಟ್ಟ ನೋಡಿ ಹಾಕಿಸಿದವರು ಅವರೇ. ಬಾಲ್ ಎಣಿಸಲು ಅವರು ಆರು ಖರ್ಜೂರದ ಬೀಜ ಇಟ್ಟುಕೊಳ್ಳುತ್ತಾರೆ. ಒಂದೊಂದು ಎಸೆತಕ್ಕೆ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ಎಡ ಜೇಬು ಖಾಲಿಯಾದರೆ ಓವರ್. ಅವರ ಓವರ್ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಹದಿಮೂರು ಓವರಿಗೆ ನಮ್ಮದು ಎಂಬತ್ತಾರು. ನೀರು ಕುಡಿಯಲು ನಿಂತರು. ಮಾಮ ತನ್ನ ಡಬ್ಬಿ ತೆಗೆದು ಎಲ್ಲರಿಗೂ ಖರ್ಜೂರ ಕೊಟ್ಟರು. ತಾನು ತಿನ್ನುವಂತಿಲ್ಲವಾದ್ದರಿಂದ ಬೇರೆಯವರು ತಿನ್ನುವುದನ್ನು ನೋಡುವುದು ಅವರಿಗೆ ಇಷ್ಟ. ಬಸಯ್ಯನವರೂ ಒಂದು ಬಾಯಿಗೆ ಹಾಕಿಕೊಂಡು ಪಿಚ್ಚಿನ ಕಡೆ ನಡೆದರು. ಗ್ರೌಂಡಿನಲ್ಲಿ ಉಗುಳುವವರಲ್ಲ ಅವರು. ಬೀಜವನ್ನು ಬಾಯಿಂದ ತೆಗೆದು, ಪಂಚೆಗೆ ಒರೆಸುವ ಹಾಗೆ ಪ್ಯಾಂಟಿಗೆ ಒರೆಸಿ, ಎಡ ಜೇಬಿಗೆ ಹಾಕಿಕೊಂಡರು.

ನಾನು ಅದನ್ನು ನೋಡಿದೆ. ನೋಡಿದ್ದು ಏನೆಂದು ಆಗ ತಲೆಗೆ ಹೋಗಲಿಲ್ಲ.

ಹದಿನಾಲ್ಕನೇ ಓವರ್ ಹಾಕಿದ್ದು ಎಲಿಯಾಸ್ ಅವರೇ. ಒಂದು ರನ್. ಚುಕ್ಕೆ. ಎರಡು. ಚುಕ್ಕೆ. ನಾಲ್ಕು. ಚುಕ್ಕೆ. ನಾನು ಆರನೆಯ ಬಾಲಿನ ಚುಕ್ಕೆ ಇಟ್ಟು ಲೈಟಿನ ಸ್ವಿಚ್ಚಿಗೆ ಕೈ ಹಾಕಿದೆ. ಬಸಯ್ಯ ಕೈ ಎತ್ತಲಿಲ್ಲ. ಎಲಿಯಾಸ್ ಏದುಸಿರು ಬಿಡುತ್ತಾ ಮತ್ತೆ ಓಡಿಬಂದರು. ತೌಸೀಫ್ ಮುಂದೆ ಬಂದು ರಸ್ತೆಯ ಕಡೆಗೆ ಹೊಡೆದರು. ಚೆಂಡು ಕಲ್ಲು ದಾಟಿತು. ನಾಲ್ಕು.

ಪುಸ್ತಕದಲ್ಲಿ ಒಂದು ಓವರಿನ ಚೌಕಕ್ಕೆ ಆರೇ ಗುರುತಿನ ಜಾಗ. ಆ ನಾಲ್ಕನ್ನು ನಾನು ಗೆರೆಯ ಹೊರಗೆ ಬರೆದೆ.

ವೈಡ್ ಇರಲಿಲ್ಲ, ನೋ ಬಾಲ್ ಇರಲಿಲ್ಲ. ಏಳು ಬಾಲ್ ಆಗಿತ್ತು. ಬಸಯ್ಯ ನನ್ನ ಕಡೆಗೆ ಕೈ ಎತ್ತಿದರು. ಎರಡು ಸಲ ಲೈಟ್ ಹೊತ್ತಿಸಬೇಕಿತ್ತು, ಅಷ್ಟೇ. ಆದರೆ ಅದು ತೌಸೀಫ್ ಹೊಡೆದ ಫೋರ್. ನಮ್ಮವರೆಲ್ಲ ಕೂಗುತ್ತಿದ್ದರು. ವಾರಗಟ್ಟಲೆ ಕುರ್ಚಿಯಿಂದ ಒಬ್ಬರೇ ಏಳದಿದ್ದ ಮಾಮ ಗಾಡಿಯ ಬಾನೆಟ್ ಹಿಡಿದು ಎದ್ದು ನಿಂತಿದ್ದರು.

“ನೋಡಿದ್ಯಾ ಮಗಳೇ? ಪಟ್ಟ ಅಂತ ಹೋಯ್ತು.”

“ನೋಡಿದೆ ಮಾಮ,” ಎಂದೆ. ಒಂದು ಸಲ ಲೈಟ್ ಹೊತ್ತಿಸಿ ಆರಿಸಿದೆ.

ಹದಿನಾಲ್ಕು ಓವರಿಗೆ ತೊಂಬತ್ತೇಳು. ಹಾಗೆಂದೇ ಬರೆದೆ. ಹೊರಗೆ ಬಿದ್ದ ಆ ನಾಲ್ಕರ ಅಂಕೆ ಪುಟದ ಮೇಲೆ ಬೇರೆಯವರ ಮನೆಗೆ ಬಂದು ಬಾಗಿಲಲ್ಲೇ ನಿಂತವರ ಹಾಗೆ ಕಾಣುತ್ತಿತ್ತು. ಎಲಿಯಾಸರಿಗೂ ಎಣಿಕೆ ತಪ್ಪಿತ್ತು. ಸೊಂಟಕ್ಕೆ ಕೈ ಕೊಟ್ಟು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮುಂದಿನ ಓವರಿನಿಂದ ಆರೇ ಬಾಲ್. ಆ ಹೆಚ್ಚಿನ ಬೀಜ ಬಸಯ್ಯನವರ ಬಲ ಜೇಬಿನಲ್ಲೇ ಉಳಿದಿರಬೇಕು. ತುಂಬಿಸುವಾಗ ಅವರು ಆರನ್ನೇ ಎಣಿಸಿ ಎಡ ಜೇಬಿಗೆ ಹಾಕುತ್ತಾರೆ.

ಇಪ್ಪತ್ತು ಓವರಿಗೆ ನೂರ ನಲವತ್ತೊಂದು. ನಂದನ್ ಬಂದು ಕಿಟಕಿಯಲ್ಲಿ ಪುಸ್ತಕ ಇಸಕೊಂಡು ಒಟ್ಟು ಮೊತ್ತ ಮಾತ್ರ ಬರೆದುಕೊಂಡ. “ಸಿಸ್ಟರ್, ನಿಮ್ಮ ಅಕ್ಷರ ಟೈಪ್ ಮಾಡಿದ ಹಾಗೆ ಉಂಟು,” ಎಂದು ಹೇಳಿ ಹೋದ. ಅವನು ಆ ಚೌಕವನ್ನು ನೋಡಲಿ ಎಂದು ನಾನು ಬಯಸಿದೆ. ನೋಡದಿರಲಿ ಎಂದೂ ಬಯಸಿದೆ.

ನೂರ ನಲವತ್ತೊಂದರಲ್ಲಿ ನಾಲ್ಕು ಎಷ್ಟು ಮಾತ್ರ? ಯಾರಾದರೂ ಇಪ್ಪತ್ತು ಮೂವತ್ತು ರನ್ನಿನಿಂದ ಗೆದ್ದರೆ ಅದನ್ನು ಯಾರೂ ಕೇಳುವುದಿಲ್ಲ. ಹಾಗೆ ಆಗಲಿ ಎಂದು ಕೂತೆ.

* * *

ಆದರೆ ಆಟ ತಡವಾಗಿ ಶುರುವಾಗಿತ್ತು, ಮತ್ತು ಈ ಗ್ರೌಂಡಿಗೆ ಬಾಂಗ್ ರೂಲ್ ಎಂಬುದೊಂದಿದೆ.

ಅದನ್ನು ಮಾಡಿದವರು ಬಾದುಶಾ ಮಾಮ. ಜುಮಾದ ಬಾಂಗ್, ಎಂದರೆ ಮಸೀದಿಯಿಂದ ನಮಾಝಿಗೆ ಕರೆಯುವ ಕೂಗು, ಕೇಳಿದರೆ ನಡೆಯುತ್ತಿರುವ ಓವರ್ ಮುಗಿಸಿ ಆಟ ನಿಲ್ಲಿಸಬೇಕು. ಎರಡನೇ ತಂಡ ಎಷ್ಟು ಓವರ್ ಆಡಿದೆಯೋ ಮೊದಲನೆಯವರು ಅಷ್ಟೇ ಓವರಿನಲ್ಲಿ ಎಷ್ಟು ಮಾಡಿದ್ದರು ಎಂದು ನೋಡಬೇಕು. ಹೆಚ್ಚು ಮಾಡಿದವರು ಗೆದ್ದ ಹಾಗೆ. ವಿಕೆಟ್ ಲೆಕ್ಕವಿಲ್ಲ. ಅದಕ್ಕೇ ನನ್ನ ಪುಸ್ತಕದಲ್ಲಿ ಪ್ರತಿ ಓವರಿನ ಕೊನೆಗೆ ಮೊತ್ತ ಬರೆಯುವುದು.

ಎಲಿಯಾಸರ ತಂಡ ಚೆನ್ನಾಗಿ ಆಡಿತು. ಹತ್ತು ಓವರಿಗೆ ನಮ್ಮಿಂದ ಮೂರು ಕಡಿಮೆ. ಹನ್ನೆರಡಕ್ಕೆ ಸಮ. ತೌಸೀಫ್ ನಿಧಾನ ಮಾಡತೊಡಗಿದರು. ಬೌಲರಿಗೆ ಏನೋ ಹೇಳಿ ಬರುವುದು, ಫೀಲ್ಡರನ್ನು ನಾಲ್ಕು ಹೆಜ್ಜೆ ಸರಿಸಿ ಮತ್ತೆ ಅಲ್ಲಿಗೇ ತರುವುದು, ಶೂ ಲೇಸ್ ಕಟ್ಟುವುದು.

“ಎಂತ ತೌಸೀಫಾ, ಶೂ ಇವತ್ತೇ ತೆಗೊಂಡದ್ದಾ?” ಎಂದು ಕೂಗಿದ ನಂದನ್. ಈಗ ಅವನೇ ಅಂಪೈರ್.

“ನಿಮ್ಮ ಟಾಸ್‌ಗೆ ಮುಕ್ಕಾಲು ಗಂಟೆ ಕೊಟ್ಟೆವಲ್ಲ, ನಮಗೊಂದು ಲೇಸ್ ಕೊಡಿ,” ಎಂದರು ಇವರು.

ಮಾಮ ಗಡಿಯಾರ ನೋಡಿ ನನ್ನ ಕಿಟಕಿಯ ಕಡೆ ತಿರುಗಿದರು. “ಈಗ ಬಾಂಗ್ ಆದ್ರೆ?”

“ಹದಿಮೂರಕ್ಕೆ ಅವರದ್ದು ಎಂಬತ್ತೆಂಟು. ನಮ್ಮದು ಎಂಬತ್ತಾರು.”

“ಹದಿನಾಲ್ಕಕ್ಕೆ?”

ನಾನು ಪುಟ ತಿರುಗಿಸಿದೆ, ಬೇಕಿಲ್ಲದಿದ್ದರೂ.

“ನಮ್ಮದು ಎಷ್ಟು ಮಗಳೇ?”

“ತೊಂಬತ್ತೇಳು.”

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬಾಂಗ್ ಈ ಓವರಿನಲ್ಲಿ ಆದರೆ ಗೆಲ್ಲಲು ಎಲಿಯಾಸರಿಗೆ ಹತ್ತು ಬೇಕು. ಹಾಗೆಂದು ಎಲ್ಲರಿಗೂ ಗೊತ್ತಾಯಿತು, ಏಕೆಂದರೆ ಮಾಮ ಅದನ್ನು ಕೂತಲ್ಲಿಂದಲೇ ಕೂಗಿದರು. ನಿಜವಾಗಿ ಬೇಕಿದ್ದದ್ದು ಆರು. ಅದು ನನ್ನೊಬ್ಬಳಿಗೆ ಗೊತ್ತಿತ್ತು.

ಮೊದಲ ಬಾಲ್ ಒಂದು ರನ್. ಎರಡನೆಯದು ಚುಕ್ಕೆ. ಆಗ ಮಸೀದಿಯ ಕಡೆಯಿಂದ ಬಾಂಗ್ ಶುರುವಾಯಿತು. ಎಲ್ಲರೂ ನಿಂತು ಕೇಳಿದರು. ಅದು ಮುಗಿಯುವವರೆಗೂ ನಾನು ಪೆನ್ನನ್ನು ಹಾಳೆಗೆ ತಾಗಿಸದೆ ಹಿಡಿದುಕೊಂಡಿದ್ದೆ. ಈಗಲಾದರೂ ಎರಡು ಸಲ ಲೈಟ್ ಹಾಕಬಹುದಿತ್ತು. ನಾಲ್ಕು ಬಾಲ್ ಉಳಿದಿತ್ತು. ಹೇಳಿದ್ದರೆ ಎರಡೂ ಕಡೆಯವರು ನಿಜದ ಗುರಿ ನೋಡಿ ಆಡುತ್ತಿದ್ದರು. ನನ್ನ ಕೈ ಸ್ವಿಚ್ಚಿನ ಮೇಲೆಯೇ ಇತ್ತು.

ಮೂರನೆಯದಕ್ಕೆ ಎರಡು. ನಾಲ್ಕನೆಯದಕ್ಕೆ ಒಂದು. ಐದನೆಯದಕ್ಕೆ ಒಂದು. ತೊಂಬತ್ತಮೂರು. ಅವರು ನಮ್ಮ ಸಮಕ್ಕೆ ಬಂದಾಗಿತ್ತು. ಯಾರಿಗೂ ತಿಳಿಯಲಿಲ್ಲ.

ಕೊನೆಯ ಬಾಲಿಗೆ ಎಲಿಯಾಸ್ ಅವರೇ ಎದುರಿದ್ದರು. ಅವರ ಲೆಕ್ಕದಲ್ಲಿ ಸಿಕ್ಸರ್ ಬೇಕಿತ್ತು. ಒಂದು ಬದಿಯಲ್ಲಿ ಹಮೂದರ ಇನ್ನೂ ಹಸಿರಾಗಿರುವ ಬೇರೆ ತೋಟದ ಗೋಡೆ. ಅದರಾಚೆ ಚೆಂಡು ಹೋದರೆ ಒಂದೇ ರನ್, ಅದು ಇಲ್ಲಿಯ ಇನ್ನೊಂದು ರೂಲ್. ಹಾಗಾಗಿ ರಸ್ತೆಯ ಕಡೆಗೇ ಹೊಡೆಯಬೇಕು. ತೌಸೀಫ್ ಆ ಕಡೆಗೇ ಓಡಿ ನಿಂತಿದ್ದರು. ಎಲಿಯಾಸ್ ಹೊಡೆದರು. ಚೆಂಡು ಎತ್ತರಕ್ಕೆ ಹೋಗಿ ಕಲ್ಲುಗಳಿಗೆ ಈಚೆ ಬಿತ್ತು. ತೌಸೀಫ್ ಹಾರಿ ತಡೆದರು. ಎರಡು ರನ್.

ತೊಂಬತ್ತೈದು.

ನಮ್ಮವರು ತೌಸೀಫರ ಮೇಲೆ ಬಿದ್ದರು. ಮಾಮ ಕುರ್ಚಿಯಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಎಲಿಯಾಸ್ ಹೆಲ್ಮೆಟ್ ತೆಗೆದು ಕ್ರೀಸಿನಲ್ಲಿ ಕೂತುಬಿಟ್ಟರು.

ಗೆದ್ದ ತಂಡದ ಕ್ಯಾಪ್ಟನ್ ಪುಸ್ತಕ ಹಿಡಿದು ಮಧ್ಯದಲ್ಲಿ ನಿಂತು ಓದಿ ಹೇಳುವುದು ರೂಢಿ. ತೌಸೀಫ್ ಕಿಟಕಿಗೆ ಬಂದು ಕೈ ಚಾಚಿದರು. ಅವರ ಮೊಣಕೈ ತರಚಿ ರಕ್ತ ಬರುತ್ತಿತ್ತು, ಕಣ್ಣು ಹೊಳೆಯುತ್ತಿತ್ತು.

“ಕೊಡು.”

ನಾನು ಪುಸ್ತಕ ಬಿಡಲಿಲ್ಲ.

“ಎಂತ ಆಯ್ತು? ಕೊಡು ಜಸೀಲಾ, ಜುಮಾಕ್ಕೆ ಹೊತ್ತಾಯ್ತು.”

“ಹದಿನಾಲ್ಕನೇ ಓವರಲ್ಲಿ ಏಳು ಬಾಲ್ ಆಗಿದೆ,” ಎಂದೆ. “ನಮ್ಮದರಲ್ಲಿ. ನೀವು ಹೊಡೆದ ಫೋರ್ ಏಳನೆಯದು.”

ಅವರು ಒಮ್ಮೆ ಮಾಮನ ಕಡೆ ನೋಡಿದರು. ಮಾಮನಿಗೆ ಕೇಳಿಸಿರಲಿಲ್ಲ. ತೌಸೀಫ್ ತಲೆಯನ್ನು ಕಿಟಕಿಯ ಒಳಗೆ ತಂದು ಮೆಲ್ಲಗೆ ಹೇಳಿದರು, “ಅಂಪೈರ್ ಎಣಿಸಿದ್ದೇ ಫೈನಲ್. ಎಲ್ಲ ಕಡೆ ರೂಲ್ ಹಾಗೇ ಉಂಟು. ನೀನು ಬಾಯಿ ಬಿಡ್ಬೇಡ.”

ಅದು ಸುಳ್ಳಲ್ಲ. ದೊಡ್ಡ ಆಟಗಳಲ್ಲಿಯೂ ಅಂಪೈರ್ ತಪ್ಪಿ ಏಳು ಹಾಕಿಸಿದರೆ ಏಳೇ. ನಾನು ಅದನ್ನೇ ಹಿಡಿದು ಸುಮ್ಮನಿರಬಹುದಿತ್ತು. ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ಎರಡು ಹೆಜ್ಜೆ ಹೋದರು. ಅವರು ತೊಂಬತ್ತೇಳು ಎಂದು ಓದುವ ದನಿ ನನ್ನ ಕಿವಿಗೆ ಮೊದಲೇ ಕೇಳಿಸಿದ ಹಾಗಾಯಿತು. ಓದಿದ ಮೇಲೆ ಅದು ನನ್ನ ಮಾತು.

ಬಾಗಿಲು ತೆರೆದು ಇಳಿದೆ. ಕಲ್ಲು ದಾಟಿ ಗ್ರೌಂಡಿನೊಳಗೆ ಕಾಲಿಟ್ಟೆ. ಮಾತು ಒಂದೊಂದಾಗಿ ನಿಂತಿತು. ಯಾರ ಮುಖ ನೋಡುವುದೆಂದು ತಿಳಿಯದೆ ಬಸಯ್ಯನವರನ್ನು ನೋಡಿದೆ.

“ಬಸಯ್ಯಣ್ಣ, ನಿಮ್ಮ ಜೇಬಲ್ಲಿ ಎಷ್ಟು ಬೀಜ ಉಂಟು?”

“ಆರು ಅದಾವ ತಂಗಿ,” ಎಂದು ನಗುತ್ತಾ ಅಂಗೈಗೆ ಸುರುವಿಕೊಂಡರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನಗು ಹೋಯಿತು.

“ನೀರು ಕುಡಿಯುವಾಗ ಖರ್ಜೂರ ತಿಂದಿರಿ. ಬೀಜವನ್ನು ಎಡ ಜೇಬಿಗೆ ಹಾಕಿದಿರಿ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸುತ್ತಿತ್ತು. “ಹದಿನಾಲ್ಕನೇ ಓವರಲ್ಲಿ ಏಳು ಬಾಲ್ ಆಯ್ತು. ಆರಕ್ಕೆ ನಮ್ಮದು ತೊಂಬತ್ತಮೂರೇ.”

ನಂದನ್ ಪುಸ್ತಕವನ್ನು ತೌಸೀಫರ ಕೈಯಿಂದ ಕಿತ್ತುಕೊಂಡು ಪುಟ ಹುಡುಕಿದ. ಗೆರೆಯ ಹೊರಗಿದ್ದ ನಾಲ್ಕನ್ನು ಬೆರಳಿಟ್ಟು ಎಲ್ಲರಿಗೂ ತೋರಿಸಿದ. “ಬರೆದಿಟ್ಟಿದ್ದಾರೆ ನೋಡಿ. ಕಳ್ಳ ಓವರ್.”

“ಕಳ್ಳ ಅನಬ್ಯಾಡೋ ತಮ್ಮಾ,” ಎಂದರು ಬಸಯ್ಯ. ಅವರ ಮುಖ ಬಿಳಚಿತ್ತು. “ತಪ್ಪಾತು. ಇಪ್ಪತ್ತು ವರ್ಷದಾಗ ಹಿಂಗ ಆಗಿದ್ದಿಲ್ಲ. ಕಳ್ಳತನ ಅಲ್ಲ ಅದು.”

“ತಪ್ಪಾದ್ರೂ ಅಂಪೈರ್ ಮಾತೇ ಕೊನೆ,” ಎಂದರು ತೌಸೀಫ್, ಈಗ ಜೋರಾಗಿ. “ಬೇಕಾದ್ರೆ ಫೋನಲ್ಲಿ ರೂಲ್ ತೆಗೀರಿ. ಆವಾಗ ಯಾರೂ ಮಾತಾಡಿಲ್ಲ. ಬೌಲರ್ ಮಾತಾಡಿಲ್ಲ. ಸ್ಕೋರರ್ ಲೈಟ್ ಹಾಕಿದ್ದಾಳೆ.”

ಎಲ್ಲರೂ ನನ್ನನ್ನು ನೋಡಿದರು. ಎಲಿಯಾಸ್ ಎದ್ದು ಬಂದಿದ್ದರು. ಅವರು ಕೋಪದಲ್ಲಿರಲಿಲ್ಲ, ಅದರಿಂದಲೇ ಇನ್ನೂ ಕಷ್ಟವಾಯಿತು.

“ಆವಾಗಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಹೆದರಿಕೆ ಎಂದರೆ ಅದು ಪೂರ್ತಿ ನಿಜವಲ್ಲ. ಗೆಲ್ಲಲಿ ಎಂದು ನನಗೂ ಇತ್ತು.

ಮಾಮ ಕುರ್ಚಿಯಿಂದ ಎದ್ದು ನಿಧಾನವಾಗಿ ನಡೆದು ಬಂದರು. ಯಾರೂ ಅವರ ಕೈ ಹಿಡಿಯಲಿಲ್ಲ. ನಂದನ್ ಕೊಟ್ಟ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮತ್ತೆ ನನ್ನನ್ನು ಕೇಳಿದರು, “ಈಗ ಹದಿನಾಲ್ಕಕ್ಕೆ ಅವರದ್ದು ಎಷ್ಟು?”

“ತೊಂಬತ್ತೈದು.”

“ನಮ್ಮದು?”

“ತೊಂಬತ್ತಮೂರು.”

“ಮಾಮ, ರೂಲ್ ಪ್ರಕಾರ...” ಎಂದು ತೌಸೀಫ್ ಶುರುಮಾಡಿದರು.

“ಬಾಂಗ್ ರೂಲ್ ಯಾವ ಪುಸ್ತಕದಲ್ಲೂ ಇಲ್ಲ. ಅದು ಮಾಡಿದ್ದು ನಾನು,” ಎಂದರು ಮಾಮ. “ಅವರು ಎಷ್ಟು ಬಾಲ್ ಆಡಿದ್ದಾರೋ ನಾವು ಅಷ್ಟೇ ಬಾಲ್‌ಗೆ ಎಷ್ಟು ಮಾಡಿದ್ದೇವೆ ಅಂತ ನೋಡುದು. ಅಷ್ಟಕ್ಕೆ ಅಷ್ಟೇ. ಎಂಬತ್ತನಾಲ್ಕು ಬಾಲ್‌ಗೆ ಎಂಬತ್ತೈದು ಬಾಲ್ ಅಲ್ಲ.” ಪುಸ್ತಕವನ್ನು ಮುಚ್ಚಿದರು. “ಯಲ್ಲಾ, ನಡೀರಿ, ನಮಾಝಿಗೆ ಹೊತ್ತಾಯ್ತು.”

* * *

ನಮ್ಮವರು ಮಸೀದಿಯೊಳಗೆ ಹೋದರು. ನಾನು ಹೊರಗೆ ಪಿಕಪ್ಪಿನಲ್ಲಿ ಕೂತೆ. ಬಸಯ್ಯ ಮತ್ತು ಎಲಿಯಾಸ್ ಗೋಡೆಯ ನೆರಳಲ್ಲಿ ನಿಂತು ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಲಿಯಾಸ್ ಒಂದು ನೀರಿನ ಬಾಟಲಿ ತಂದು ಕಿಟಕಿಯಲ್ಲಿ ಕೊಟ್ಟರು.

“ಬಾದುಶಾಕ ಎಂತ ಮಾಡ್ತಾರೆ ಇನ್ನು?” ಎಂದು ಕೇಳಿದರು, ನನ್ನನ್ನಲ್ಲ, ರಸ್ತೆಯನ್ನು ನೋಡಿಕೊಂಡು.

“ಊರಿಗೆ ಹೋಗ್ತಾರೆ.”

“ಅವರ ಹೆಸರೇ ಇರ್ಲಿ ಅಂತ ಹೇಳಿದ್ರೆ ಒಪ್ತಾರಾ?”

“ಇಲ್ಲ,” ಎಂದೆ.

“ಗೊತ್ತುಂಟು,” ಎಂದರು ಅವರು. “ಸುಮ್ಮನೆ ಕೇಳಿದ್ದು.”

ನಮಾಝ್ ಮುಗಿದು ಮಾಮ ಹೊರಗೆ ಬಂದವರು ನಮ್ಮ ಗಾಡಿಯ ಕಡೆ ಬರಲಿಲ್ಲ. ಎಲಿಯಾಸರ ಕಾರಿನ ಬಾಗಿಲು ತೆರೆದು ಕೂತರು. ನಾವು ಹಿಂದೆ ಹೋದೆವು. ತೌಸೀಫರ ಮೊಣಕೈಯ ರಕ್ತ ಒಣಗಿ ಕಂದು ಗೆರೆಯಾಗಿತ್ತು. ಒರೆಸಲು ಟಿಶ್ಯೂ ಕೊಟ್ಟೆ, ತೆಗೆದುಕೊಳ್ಳಲಿಲ್ಲ.

ಹಮೂದರ ಗೇಟಿನ ಹೊರಗೆ ಅರ್ಧ ಗಂಟೆ ನಿಂತೆವು. ಒಳಗಿನಿಂದ ಮಾಮನ ದನಿ ಕೇಳಿಸುತ್ತಿತ್ತು. ಮುರಿದ ಅರಬ್ಬಿ, ನಡುವೆ ಹಿಂದಿ. ಆಮೇಲೆ ಅವರು ಎಲಿಯಾಸರ ಜೊತೆ ಹೊರಗೆ ಬಂದರು, ಮಾತಾಡುತ್ತಲೇ.

“ಉತ್ತರದ ತುದಿಯಲ್ಲಿ ಮಳೆ ನೀರು ನಿಲ್ತದೆ, ಅಲ್ಲಿ ರೋಲರ್ ಎಳೀಬೇಡ, ಇನ್ನೂ ತಗ್ಗಾಗ್ತದೆ. ಮ್ಯಾಟಿನ ಮೊಳೆ ಆರು ಇಂಚಿನದ್ದೇ ಹಾಕು, ನಾಲ್ಕು ಇಂಚಿಂದು ಬೇಸಿಗೆಯಲ್ಲಿ ಎದ್ದು ಬರ್ತದೆ. ಈದ್‌ಗೆ ಇವರ ಮನೆಗೆ ಬಂದು ಹೋಗು. ಕೈ ಬೀಸ್ಕೊಂಡು ಬರ್ಬೇಡ.”

“ಸರಿ ಬಾದುಶಾಕ.”

“ಕೊನೆ ಓವರ್ ಹಾಕ್ಲಿಕ್ಕೆ ಯಾರಾದ್ರೂ ಕೇಳಿದ್ರೆ ಕೊಟ್ಟು ಬಿಡು.”

ಎಲಿಯಾಸ್ ಮಾಮನ ಭುಜ ಒಮ್ಮೆ ಹಿಡಿದು ಬಿಟ್ಟು ತಮ್ಮ ಕಾರಿಗೆ ಹೋದರು. ಅವರ ಕೈಯಲ್ಲಿ ಕಾಗದ ಇತ್ತು.

ಮಾಮ ನಮ್ಮ ಪಿಕಪ್ಪಿನ ಮುಂದಿನ ಸೀಟಿಗೆ ಹತ್ತಿದರು. ನಾನು ಹಿಂದಕ್ಕೆ ಸರಿದೆ. ತೌಸೀಫ್ ಗಾಡಿ ಶುರುಮಾಡಲಿಲ್ಲ. ಎಸಿಯ ಸದ್ದೂ ಇಲ್ಲದೆ ಒಳಗೆ ಕಾವು ಏರುತ್ತಿತ್ತು.

“ಇವಳು ಸುಮ್ಮನಿದ್ದಿದ್ರೆ...” ಎಂದರು ತೌಸೀಫ್ ಕೊನೆಗೂ.

“ಸುಮ್ಮನೆ ಇದ್ದಳಲ್ಲ, ನಮ್ಮ ಉಳಿದ ಆರು ಓವರ್ ಇದ್ದಳು. ಅವರ ಹದಿನಾಲ್ಕೂ ಇದ್ದಳು,” ಎಂದರು ಮಾಮ. “ಅದೇ ತಪ್ಪು ಅವಳದ್ದು. ಆವಾಗ ಹೇಳಿದ್ರೆ ನೀನು ಇನ್ನೊಂದು ಹೊಡೀತಿದ್ದಿ.”

ನನಗೆ ಅಳು ಬಂತು. ತಡೆದುಕೊಂಡೆ. ಅವರು ಹಿಂದೆ ತಿರುಗದೆಯೇ ತಮ್ಮ ಫೋನನ್ನು ಭುಜದ ಮೇಲಿಂದ ನನ್ನ ಕಡೆ ಚಾಚಿದರು.

“ಮಾಮಿಗೆ ಫೋನ್ ಮಾಡು.”

“ನೀವೇ ಮಾತಾಡಿ ಮಾಮ.”

“ಇಲ್ಲ. ನೀನು ಹೇಳು. ಯಾಕೆ ಅಂತಲೂ ನೀನೇ ಹೇಳು.”

ಒತ್ತಿದೆ. ಊರಲ್ಲಿ ಮಧ್ಯಾಹ್ನದ ಊಟ ಮುಗಿದಿರಬೇಕು. ಮೊದಲ ರಿಂಗಿಗೇ ಬೀಫಾತುಮ್ಮ ಮಾಮಿ ಎತ್ತಿದರು.

“ಮಾಮಿ, ನಾನು ಜಸೀಲಾ. ಇವತ್ತು ಗ್ರೌಂಡಿನ ಮ್ಯಾಚ್ ಇತ್ತಲ್ಲ, ಅದರಲ್ಲಿ ಹದಿನಾಲ್ಕನೇ ಓವರಲ್ಲಿ ಏಳು ಬಾಲ್ ಆಯ್ತು. ನಾನು ಅದನ್ನು...”

“ಬಾಲ್ ಗೀಲ್ ನಂಗೆ ಅರ್ಥ ಆಗುದಿಲ್ಲ,” ಎಂದರು ಮಾಮಿ. “ಅವರು ಬರ್ತಾರಾ ಇಲ್ವಾ, ಅಷ್ಟು ಹೇಳು.”

ಮಾಮ ಮುಂದಿನ ಗಾಜಿನಾಚೆ ನೋಡುತ್ತಿದ್ದರು. ಅವರ ಕುತ್ತಿಗೆಯ ಹಿಂದೆ ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಗೆರೆಗಳು ಕಾಣುತ್ತಿದ್ದವು.

“ಬರ್ತಾರೆ,” ಎಂದೆ.

ಆ ಕಡೆ ಮಾಮಿ, ಯಾರಿಗೋ ಅಲ್ಲೇ ಮನೆಯೊಳಗೆ, ಮೇಲಿನ ಕೋಣೆ ಗುಡಿಸಲು ಹೇಳುವುದು ಕೇಳಿಸಿತು.